ರೋಗ ಆಂಟಾಲಜಿ ಪದಗಳ ಸಿಂಧುತ್ವ ಪರಿಶೀಲನೆ

ರೋಗ ಆಂಟಾಲಜಿ ಪದಗಳ ಸಿಂಧುತ್ವ ಪರಿಶೀಲನೆ ಎಂಬುದು ಜೈವಿಕ ದತ್ತಾಂಶದಲ್ಲಿ ನಮೂದಾದ ರೋಗದ ಹೆಸರು ಮತ್ತು ಗುರುತು ಸಂಖ್ಯೆಗಳು ಮಾನ್ಯ ಆಂಟಾಲಜಿಗೆ ಹೊಂದುತ್ತವೆಯೇ ಎಂದು ತಂತ್ರಾಂಶದ ಮೂಲಕ ಪರೀಕ್ಷಿಸುವ ವಿಧಾನವಾಗಿದೆ. ರೋಗಗಳನ್ನು, ಅವುಗಳ ಪರ್ಯಾಯ ಹೆಸರುಗಳನ್ನು ಹಾಗೂ ಪರಸ್ಪರ ಸಂಬಂಧಗಳನ್ನು ಗಣಕವು ಓದಬಲ್ಲಂತೆ ಶ್ರೇಣೀಕರಿಸಿದ ಪದಸಂಗ್ರಹಕ್ಕೆ ರೋಗ ಆಂಟಾಲಜಿ ಎನ್ನಲಾಗುತ್ತದೆ. ದತ್ತಾಂಶದ ಪ್ರತಿ ಅಂಕಣದಲ್ಲಿ ಯಾವ ಬಗೆಯ ಮೌಲ್ಯ ಬರಬೇಕೆಂದು ನಿಗದಿಪಡಿಸುವ ನಿಯಮಾವಳಿಯೇ ಸ್ಕೀಮಾ.

ಅಗತ್ಯ

ಆಡುಮಾತಿನ ಹೆಸರುಗಳು ಗೊಂದಲಕ್ಕೆ ಎಡೆಮಾಡುತ್ತವೆ. ಕನ್ನಡದಲ್ಲಿ 'ಮಂಗನ ಕಾಯಿಲೆ' ಎಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆಗಳಿಂದ ಹರಡುವ ವೈರಾಣು ಜ್ವರ. 'ಮಂಗನ ಬಾವು' ಎಂದರೆ ಗದ್ದಕಟ್ಟು. 'ಮಂಗನ ಸಿಡುಬು' ಎಂದರೆ ಎಂಪಾಕ್ಸ್. ಹೆಸರುಗಳು ಹತ್ತಿರವಿದ್ದರೂ ಈ ಮೂರರ ವೈರಾಣು, ಹರಡುವ ರೀತಿ ಮತ್ತು ತಡೆ ಕ್ರಮಗಳು ಬೇರೆ ಬೇರೆ. ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇವುಗಳ ಸಂಕೇತಗಳು ಕ್ರಮವಾಗಿ ಎ98.2, ಬಿ26 ಮತ್ತು ಬಿ04. ಹೆಸರನ್ನಷ್ಟೇ ಬರೆದ ದಾಖಲೆಗಳನ್ನು ಒಟ್ಟುಗೂಡಿಸಿದರೆ ಒಂದು ರೋಗದ ಮಾದರಿಗಳು ಇನ್ನೊಂದರ ಲೆಕ್ಕಕ್ಕೆ ಸೇರಬಹುದು.

ಪರಿಶೀಲನೆಯ ಹಂತಗಳು

* ರೂಪ: ಗುರುತು ಸಂಖ್ಯೆಯಲ್ಲಿ ಸರಿಯಾದ ಪೂರ್ವಪದ ಮತ್ತು ಅಂಕಿಗಳಿರಬೇಕು. ಡಿಸೀಸ್ ಆಂಟಾಲಜಿಯ ಪೂರ್ವಪದ ಡಿಒಐಡಿ. ಮೊಂಡೊ ಆಂಟಾಲಜಿಯದು ಮೊಂಡೊ. ಈ ಹಂತಕ್ಕೆ ಜೆಸನ್ ಸ್ಕೀಮಾದ ವಿನ್ಯಾಸ ನಿಯಮವೇ ಸಾಕು.
* ಅಸ್ತಿತ್ವ: ಆ ಸಂಖ್ಯೆ ಆಂಟಾಲಜಿಯ ನಿಗದಿತ ಆವೃತ್ತಿಯಲ್ಲಿ ಇರಬೇಕು, ರದ್ದಾಗಿರಬಾರದು.
* ಶ್ರೇಣಿ: ಪದವು ನಿರೀಕ್ಷಿತ ಶಾಖೆಗೆ ಸೇರಿರಬೇಕು. ಸಾಂಕ್ರಾಮಿಕ ರೋಗಕ್ಕೆ ಮೀಸಲಾದ ಅಂಕಣದಲ್ಲಿ ಮಧುಮೇಹದ ಸಂಖ್ಯೆ ಬಂದರೆ, ಅದು ನಿಜವಾದ ಪದವೇ ಆದರೂ ತಿರಸ್ಕೃತವಾಗುತ್ತದೆ.
* ಹೆಸರಿನ ಹೊಂದಿಕೆ: ದಾಖಲೆಯಲ್ಲಿರುವ ಹೆಸರು ಆ ಸಂಖ್ಯೆಯ ಅಧಿಕೃತ ಹೆಸರಿಗೆ ಅಥವಾ ಪರ್ಯಾಯ ಹೆಸರಿಗೆ ಸರಿಹೊಂದಬೇಕು.

ಕೊನೆಯ ಮೂರು ಹಂತಗಳಿಗೆ ಆಂಟಾಲಜಿಯ ಕಡತವಾಗಲಿ, ಯೂರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಇನ್‌ಸ್ಟಿಟ್ಯೂಟ್‌ನ ಆಂಟಾಲಜಿ ಲುಕಪ್ ಸರ್ವಿಸ್‌ನಂತಹ ಸೇವೆಯಾಗಲಿ ಬೇಕಾಗುತ್ತದೆ.

ಆವೃತ್ತಿ ಬದಲಾವಣೆ

ವಿಶ್ವ ಆರೋಗ್ಯ ಸಂಸ್ಥೆಯು 2022ರ ನವೆಂಬರ್‌ನಲ್ಲಿ ಮಂಕಿಪಾಕ್ಸ್‌ಗೆ ಎಂಪಾಕ್ಸ್ ಎಂಬ ಹೆಸರನ್ನು ಶಿಫಾರಸು ಮಾಡಿತು. ಹೀಗೆ ಹೆಸರು ಬದಲಾದಾಗ ಗುರುತು ಸಂಖ್ಯೆ ಬದಲಾಗಬೇಕಿಲ್ಲ. ಹಳೆಯ ಹೆಸರನ್ನು ಪರ್ಯಾಯವಾಗಿ ಉಳಿಸಿಕೊಂಡರೆ ಹಿಂದಿನ ದಾಖಲೆಗಳೂ ಸಿಂಧುವಾಗಿಯೇ ಇರುತ್ತವೆ. ಆದ್ದರಿಂದ ಯಾವ ಆವೃತ್ತಿಯೊಂದಿಗೆ ಪರಿಶೀಲಿಸಲಾಗಿದೆ ಎಂಬುದನ್ನು ದತ್ತಾಂಶದೊಂದಿಗೆ ನಮೂದಿಸುವುದು ಉತ್ತಮ ಕ್ರಮ.

ಆರೋಗ್ಯವಂತರ ಮಾದರಿಗಳು

ಆರೋಗ್ಯವಂತರಿಂದ ಪಡೆದ ಮಾದರಿಗೆ ರೋಗದ ಪದವಿರುವುದಿಲ್ಲ. ಅಂಕಣವನ್ನು ಖಾಲಿ ಬಿಟ್ಟರೆ 'ರೋಗವಿಲ್ಲ' ಮತ್ತು 'ಮಾಹಿತಿಯಿಲ್ಲ' ಎಂಬುದರ ವ್ಯತ್ಯಾಸ ಅಳಿಸಿಹೋಗುತ್ತದೆ. ಹೀಗಾಗಿ ಏಕಕೋಶ ದತ್ತಾಂಶದ ಸೆಲ್‌ಬೈಜೀನ್ ಸ್ಕೀಮಾವು ರೋಗಗಳಿಗೆ ಮೊಂಡೊ ಪದಗಳನ್ನೂ, ಆರೋಗ್ಯವಂತ ಸ್ಥಿತಿಗೆ 'ಸಹಜ' ಎಂಬ ಅರ್ಥದ ಪೇಟೊ:0000461 ಪದವನ್ನೂ ಬಳಸುತ್ತದೆ.

ಮಿತಿಗಳು

ಈ ಪರಿಶೀಲನೆಯು ಪದದ ಸಿಂಧುತ್ವವನ್ನು ಖಚಿತಪಡಿಸುತ್ತದೆಯೇ ಹೊರತು ರೋಗನಿರ್ಣಯವನ್ನಲ್ಲ. ಕ್ಯಾಸನೂರು ಕಾಡಿನ ಕಾಯಿಲೆಯ ಮಾದರಿಗೆ ಗದ್ದಕಟ್ಟಿನ ಹೆಸರು ಮತ್ತು ಸಂಖ್ಯೆ ಎರಡನ್ನೂ ಕೊಟ್ಟರೆ ದಾಖಲೆಯು ಎಲ್ಲ ಹಂತಗಳನ್ನೂ ದಾಟುತ್ತದೆ. ಅಂತಹ ದೋಷವನ್ನು ಪ್ರಯೋಗಾಲಯದ ವರದಿ ಅಥವಾ ವೈರಾಣುವಿನ ಅಂಕಣದೊಂದಿಗೆ ತಾಳೆ ನೋಡಿಯೇ ಕಂಡುಹಿಡಿಯಬೇಕಾಗುತ್ತದೆ.