ಲಾಭದ ಲೆಕ್ಕ, ಸಲಾಮಿನ ಸಾಲು

12ನೇ ಶತಮಾನದಲ್ಲಿ ಟ್ಯುನೀಸಿಯಾದ ಮಹದಿಯಾದಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು. ಅವನಿಗೆ ಏಡನ್ನಿನ ವರ್ತಕ ಮಿತ್ರರು ಬರೆದ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದು ಬಂದಿವೆ. ಭಾಷೆ ಅರಬಿ, ಲಿಪಿ ಹೀಬ್ರೂ.

ಅಂದಿನ ಹೂಡಿಕೆಗೆ 'ಕಿರಾದ್' ಎಂಬ ಪದ್ಧತಿಯಿತ್ತು. ಒಬ್ಬನದು ಬಂಡವಾಳ, ಇನ್ನೊಬ್ಬನದು ದುಡಿಮೆ. ಲಾಭ ಬಂದರೆ ಹಂಚಿಕೆ. ಮುಳುಗಿದರೆ ಇವನ ಹಣ ಹೋಯಿತು, ಅವನ ಬೆವರು ಹೋಯಿತು. ಮುಸ್ಲಿಮರೂ ಯಹೂದಿಗಳೂ ಇದನ್ನು ಬಳಸಿದರು. ಆದರೆ ನಡುವೆ ಕಡಲಿರುವಾಗ ಕರಾರಿಗಿಂತ ನಂಬಿಕೆಯೇ ದೊಡ್ಡ ಜಾಮೀನು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿತ್ತು. ಅಲ್ಲಿಂದ ಸರಕಿನ ಜೊತೆ ಕಾಗದ, ಸಕ್ಕರೆ, ಒಣದ್ರಾಕ್ಷಿಯ ಉಡುಗೊರೆ ಬರುತ್ತಿತ್ತು. ಬೆನ್ ಯಿಜುವಿನ ವ್ಯಾಪಾರ ನೋಡಿಕೊಳ್ಳುತ್ತಿದ್ದ ಗುಲಾಮ ಬೊಮ್ಮನಿಗೂ ಲೆಕ್ಕದ ಪತ್ರದಲ್ಲೇ ಒಂದು ಸಲಾಮು.

1148ರಲ್ಲಿ ಸಿಸಿಲಿಯ ನಾರ್ಮನ್ನರು ಮಹದಿಯಾವನ್ನು ವಶಪಡಿಸಿಕೊಂಡರು. ಮರುವರ್ಷ ಏಡನ್ನಿಗೆ ಮರಳಿದ ಬೆನ್ ಯಿಜು, ಎಲ್ಲರೂ ಬದುಕುವಷ್ಟು ಸಂಪತ್ತಿದೆ, ಬನ್ನಿ ಎಂದು ಒಡಹುಟ್ಟಿದವರನ್ನು ಕರೆದ. ವಿಪರ್ಯಾಸ ನೋಡಿ: ಕಡಲಾಚೆಯ ಪರಕೀಯರು ವರ್ಷಗಟ್ಟಲೆ ಅವನ ನಂಬಿಕೆ ಉಳಿಸಿದ್ದರು, ಸ್ವಂತ ಸಹೋದರ ಮುಬಶ್ಶಿರ್ ಅವನ ಹಣ ಲಪಟಾಯಿಸಿದ.

ಆದರೂ ಅವನು ತನ್ನ ಒಬ್ಬಳೇ ಮಗಳನ್ನು ಇನ್ನೊಬ್ಬ ಸಹೋದರ ಯೂಸುಫನ ಮಗನಿಗೇ ಕೊಡಲು ಬಯಸಿದ. 1156ರಲ್ಲಿ ಆ ಮದುವೆ ನಡೆಯಿತು. ಮೋಸ ಹೋದ ಮೇಲೂ ಮನುಷ್ಯ ಮನುಷ್ಯನನ್ನೇ ನಂಬಬೇಕಾಯಿತು.