ದಫನ್ ವಹಿಯಲ್ಲಿ ನಮ್ಮ ಹಿರಿಯರು

ಬಂಧುತ್ವ ಉಳಿಸಿಕೊಳ್ಳಲು ಬೇಕಾದಷ್ಟು ವಂಶದ ತಿಳಿವಳಿಕೆ ಪಡೆಯಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ; ವಂಶದ ಬಡಾಯಿಯನ್ನು ಜಾಹಿಲಿಯ್ಯತ್ ಎಂದಿದ್ದಾರೆ.

ಅರಸರ ಮರಣಕ್ಕೆ ಕಲ್ಲೇ ಸಾಕ್ಷಿ. ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲಿನ ಬರಹದ ಮೂರು ಭಾಗಗಳೂ ಮುಹಮ್ಮದ್ ಆದಿಲ್ ಶಾಹರು ತೀರಿದ ಹಿಜರಿ 1067ನ್ನೇ (1656) ಹೇಳುತ್ತವೆ. ನಮ್ಮ ಮುತ್ತಜ್ಜಂದಿರದು ಸಾದಾ ಮಣ್ಣಿನ ಕಬರ್. ಅವರಿಗೆ ಸಾಕ್ಷಿ ಜಮಾಅತಿನ ದಫನ್ ವಹಿ ಮತ್ತು ಹಳೆಯ ಪತ್ರಿಕೆಯ ನಿಧನ ವಾರ್ತೆ.

ಹುಡುಕುವಾಗ ಕೆಲವು ಮಾತು ನೆನಪಿರಲಿ. 1885ಕ್ಕೆ ಮೊದಲು ಜಿಲ್ಲಾ ಕೇಂದ್ರ ಕಲಾದಗಿ. 1956ರವರೆಗೆ ನಾವು ಮುಂಬಯಿ ಆಡಳಿತದಲ್ಲಿದ್ದೆವು; ಹಳೆಯ ಕಾಗದ ಮೋಡಿ ಲಿಪಿಯಲ್ಲೂ ಇರಬಹುದು. ತಿಕೋಟಾ, ಬಬಲೇಶ್ವರ ಈಚೆಗೆ ತಾಲ್ಲೂಕುಗಳಾದವು. ಹಿಂದಿನದನ್ನು ವಿಜಾಪುರ ತಾಲ್ಲೂಕಿನಲ್ಲಿ ನೋಡಬೇಕು. 33 ಹಿಜರಿ ವರ್ಷವೆಂದರೆ ಸುಮಾರು 32 ಇಸವಿ ವರ್ಷ. ಹೆಸರೊಂದೇ ಹೊಂದಿದರೆ ಸಾಲದು. ತಂದೆಯ ಹೆಸರು, ಓಣಿಯೂ ಹೊಂದಬೇಕು.

ಇದು ಬರೀ ಕುತೂಹಲವಲ್ಲ. ತಂದೆಯ ನಂತರ ಒಂದೇ ದಿನ ಬದುಕಿದ್ದ ಮಗಳಿಗೂ ಅವರ ಆಸ್ತಿಯಲ್ಲಿ ಪಾಲುಂಟು; ಅದು ಅವಳ ವಾರಸುದಾರರಿಗೆ ಸೇರಬೇಕು. ಯಾರು ಮೊದಲು ತೀರಿದರೆಂದು ಹೇಳುವುದು ಆ ವಹಿಯ ತಾರೀಖು. ತಿಕೋಟಾಕ್ಕೆ ಕೊಟ್ಟ ಮಗಳನ್ನು ವಂಶವೃಕ್ಷದಲ್ಲಿ ಮರೆತವರು ಪಾಲಿನಲ್ಲೂ ಮರೆಯುತ್ತಾರೆ.

ಆದ್ದರಿಂದ ಮಯ್ಯತ್ ಆದ ದಿನವೇ ವಹಿಯಲ್ಲಿ ಬರೆಸೋಣ, 21 ದಿನದೊಳಗೆ ಸರ್ಕಾರಿ ನೋಂದಣಿಯನ್ನೂ ಮಾಡಿಸೋಣ. ಹೆಣ್ಣುಮಕ್ಕಳನ್ನು ಇಂಥವರ ಹೆಂಡತಿ ಎನ್ನದೆ ಅವರ ಹೆಸರಿನಿಂದಲೇ ಬರೆಸೋಣ. ಅಲ್ಲಾಹನು ನಮ್ಮ ಮರ್ಹೂಮರನ್ನು ಕ್ಷಮಿಸಲಿ. ಆಮೀನ್.