ಹಕ್ಕಳೆ ಕೀಳುವ ಕೈಗೆ ಸಿಕ್ಕ ಹೆಸರುಗಳು

ವಾಸಿಯಾಗುತ್ತಿರುವ ಗಾಯದ ಹಕ್ಕಳೆಯನ್ನು ಕಿತ್ತು ಹಸಿ ಮಾಡಿಕೊಳ್ಳದ ಮಕ್ಕಳಿಲ್ಲ, ಅದಕ್ಕೆ ಗದರದ ಹಿರಿಯರೂ ಇಲ್ಲ. ಆದರೆ ಕೆಲವರಲ್ಲಿ ಅದು ಬಾಲ್ಯದ ಚೇಷ್ಟೆಯಾಗಿ ಮುಗಿಯುವುದಿಲ್ಲ. ತಮ್ಮ ಚರ್ಮವನ್ನು ತಾವೇ ಕೆರೆದು, ಚಿವುಟಿ ಹುಣ್ಣು ಮಾಡಿಕೊಳ್ಳುತ್ತಾರೆ; ನಿಲ್ಲಿಸಬೇಕೆಂದು ಬಯಸಿಯೂ ನಿಲ್ಲಿಸಲಾರರು. ನೋವುಂಟುಮಾಡಿಕೊಳ್ಳುವುದು ಅವರ ಉದ್ದೇಶವಲ್ಲ.

ಇದಕ್ಕೆ 1875ರಲ್ಲಿ 'ನ್ಯೂರಾಟಿಕ್ ಎಕ್ಸ್‌ಕೋರಿಯೇಷನ್' ಎಂದು ಹೆಸರಿಟ್ಟವರು ಇಂಗ್ಲೆಂಡಿನ ಚರ್ಮವೈದ್ಯ ಇರಾಸ್ಮಸ್ ವಿಲ್ಸನ್. (ಈಜಿಪ್ಟಿನ 'ಕ್ಲಿಯೋಪಾತ್ರಳ ಸೂಜಿ' ಎಂಬ ಶಿಲಾಸ್ತಂಭವನ್ನು ಲಂಡನ್ನಿಗೆ ಸಾಗಿಸಲು ಸುಮಾರು 10,000 ಪೌಂಡು ಕೊಟ್ಟ ಮಹನೀಯರೂ ಇವರೇ.) ಕೆರೆತದ ಮೂಲ ಚರ್ಮದಲ್ಲಿಲ್ಲ, ಒಳಗೆಲ್ಲೋ ಇದೆ ಎಂಬ ಸೂಚನೆ ಆ ಹೆಸರಿನಲ್ಲೇ ಇತ್ತು. 1889ರಲ್ಲಿ ಫ್ರಾನ್ಸಿನ ಹಾಲೊಪೋ, ತನ್ನ ಕೂದಲನ್ನು ತಾನೇ ಕೀಳುತ್ತಿದ್ದ ಯುವಕನೊಬ್ಬನನ್ನು ಕಂಡು 'ಟ್ರಿಕೊಟಿಲೊಮೇನಿಯಾ' ಎಂಬ ಪದವನ್ನು ಗ್ರೀಕಿನಿಂದ ಕಟ್ಟಿದರು. 1898ರಲ್ಲಿ ಅದೇ ದೇಶದ ಲೂಯಿ ಬ್ರಾಕ್ ಕೊಟ್ಟ ಹೆಸರಿನ ಅರ್ಥ 'ಹರೆಯದ ಹುಡುಗಿಯರು ಕೆರೆದುಕೊಂಡ ಮೊಡವೆ'. ನನಗೆ ಈ ಹೆಸರು ಅನ್ಯಾಯದ್ದೆನಿಸುತ್ತದೆ. ಗಂಡಸರಿಗೂ ನಡುವಯಸ್ಸಿನವರಿಗೂ ಬರುವ ಬಾಧೆಯನ್ನು ಅದು ಕನ್ನಡಿಯ ಮುಂದಿನ ಹುಡುಗಿಯ ತಲೆಗೆ ಕಟ್ಟಿತು.

ಅಂಥ ಹುಡುಗಿಯೊಬ್ಬಳನ್ನು ನಾನು ಬಲ್ಲೆ. ಹತ್ತನೆಯ ತರಗತಿಯಲ್ಲಿದ್ದ ಆಕೆ ಕಡುಬೇಸಗೆಯಲ್ಲೂ ತುಂಬುತೋಳಿನ ಅಂಗಿ ತೊಡುತ್ತಿದ್ದಳು. ಅಂಟುರೋಗವೆಂದು ಹೆದರಿ ಸಹಪಾಠಿಗಳು ಪಕ್ಕದಲ್ಲಿ ಕೂರುತ್ತಿರಲಿಲ್ಲ. ತಾಯಿ ಬೇವಿನೆಣ್ಣೆ ಹಚ್ಚಿದರು. ಸರ್ಪದೋಷವೆಂದು ಯಾರೋ ಹೇಳಿದ್ದಕ್ಕೆ ಸುಬ್ರಹ್ಮಣ್ಯಕ್ಕೂ ಹೋಗಿಬಂದರು. ಮುಲಾಮು ಬದಲಾಗುತ್ತಲೇ ಇತ್ತು, ಕೈಯ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ.

ಕೈಯನ್ನು ಕುರಿತು ಯೋಚಿಸಿದವರು ಅಮೆರಿಕದ ಮನೋವಿಜ್ಞಾನಿಗಳಾದ ಅಜ್ರಿನ್ ಮತ್ತು ನನ್. 1973ರಲ್ಲಿ ಅವರು ಪ್ರಕಟಿಸಿದ ಅಭ್ಯಾಸ ಬದಲಿಸುವ ವಿಧಾನ ಬಲು ಸರಳ. ಯಾವ ಹೊತ್ತಿನಲ್ಲಿ, ಯಾವ ಮನಃಸ್ಥಿತಿಯಲ್ಲಿ ಕೈ ಮೇಲೇಳುತ್ತದೆಂದು ರೋಗಿಯೇ ಗಮನಿಸಬೇಕು. ಎದ್ದೊಡನೆ ಮುಷ್ಟಿ ಬಿಗಿಹಿಡಿಯುವಂಥ ಬೇರೊಂದು ಕೆಲಸವನ್ನು ಆ ಕೈಗೆ ಕೊಟ್ಟು, ತುಡಿತ ಇಳಿಯುವವರೆಗೆ ಕಾಯಬೇಕು. ಬೈಗುಳಕ್ಕೆ ಇಲ್ಲಿ ಸ್ಥಾನವಿಲ್ಲ.

ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಈ ಬಾಧೆಗೆ ಸ್ವಂತ ಸ್ಥಾನ ದೊರೆತದ್ದು 2013ರಲ್ಲಿ, ಗೀಳು ಕಾಯಿಲೆಯ ನೆರೆಯಲ್ಲಿ. ವಿಲ್ಸನ್ ಹೆಸರಿಟ್ಟು ಆಗಲೇ 138 ವರ್ಷ ಕಳೆದಿದ್ದವು! 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಇದನ್ನು ಅಲ್ಲಿಯೇ ಇರಿಸಿದೆ.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಹರೆಯದ ಮಕ್ಕಳ ತಂದೆತಾಯಿಯರು. ಅವರಿಗಾಗಿ ಒಂದು ಮಾತು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.